ಸ್ಟೋರ್ ತುಂಬಿದೆ, ಆದರೂ ಎಒಜಿ (ಪಾರ್ಟ್ ಇಲ್ಲದೆ ವಿಮಾನ ನೆಲದಲ್ಲೇ ನಿಲ್ಲುವುದು): ರೋಟಬಲ್ ಎಷ್ಟು ಇಡಬೇಕು?

ಬಿನ್‌ಕಾರ್ಡ್

10 ನ್ಯಾರೋಬಾಡಿ ವಿಮಾನ, ಒಂದು ಮುಖ್ಯ ಬೇಸ್, ಮೂರು ಲೈನ್ ಸ್ಟೇಷನ್ (ಬೇಸ್‌ನ ಹೊರಗೆ ಸಣ್ಣ ದುರಸ್ತಿ ಮಾಡುವ ನಿಲ್ದಾಣ). ಒಂದೊಂದು ವಿಮಾನ ವರ್ಷಕ್ಕೆ ಸುಮಾರು 3,000 ಗಂಟೆ ಹಾರುತ್ತದೆ. ಸದ್ಯಕ್ಕೆ ಸ್ಟೋರ್‌ನಲ್ಲಿರುವ ಎಲ್ಲ ಪಾರ್ಟ್‌ಗೂ ಒಂದೇ ಅಳತೆಗೋಲು: ಹಿಂದಿನ 12 ತಿಂಗಳ ಬಳಕೆ ನೋಡಿ ಮಿನ್-ಮ್ಯಾಕ್ಸ್ (ಕನಿಷ್ಠ-ಗರಿಷ್ಠ ಸ್ಟಾಕ್) ಹಾಕುವುದು. ಎರಡು ವರ್ಷದಿಂದ ಅಲುಗಾಡದ ಮಾಲಿನ ಮೇಲೆ ದುಡ್ಡು ಕೂತಿದೆ, ವಿಮಾನ ನಿಂತಾಗ ಬೇಕಾದದ್ದು ಮಾತ್ರ ಇರುವುದಿಲ್ಲ. ಇನ್ನು ಕೆಲವೊಮ್ಮೆ ಸಿಸ್ಟಮ್‌ನಲ್ಲಿ "1 ಇದೆ" ಅಂತ ತೋರಿಸುತ್ತದೆ. ಬಿನ್‌ನಿಂದ ತೆಗೆದರೆ ಆ ವಿಮಾನಕ್ಕೆ ಹಾಕಲು ಬರುವುದಿಲ್ಲ, ಇಲ್ಲವೇ ಶೆಲ್ಫ್ ಲೈಫ್ ಮುಗಿದಿರುತ್ತದೆ.

ಎಬಿಸಿ ವಿಂಗಡಣೆ (ಖರ್ಚಾಗುವ ದುಡ್ಡು ನೋಡಿ ಮಾಲನ್ನು ಎ, ಬಿ, ಸಿ ಅಂತ ಬೇರ್ಪಡಿಸುವುದು) ಮಾಡಿದರೆ ಸಾಕು ಎಂಬ ಸಲಹೆ ಇದೆ. ನಿಜಕ್ಕೂ ಸಾಕಾ? ರೋಟಬಲ್ (ಕಳಚಿ, ರಿಪೇರಿ ಮಾಡಿ ಮತ್ತೆ ಮತ್ತೆ ಬಳಸುವ ಯೂನಿಟ್) ಸಂಖ್ಯೆಯನ್ನು ಯಾವ ಲೆಕ್ಕದಲ್ಲಿ ನಿರ್ಧರಿಸಬೇಕು?

ಟಾರ್ಕ್‌ರೆಂಚ್

ಎಬಿಸಿ ಬೇಡ ಅಂತಲ್ಲ, ಆದರೆ ಮೊದಲ ಜರಡಿ ಅದಾಗಬಾರದು. ಎಬಿಸಿಗೆ ಕಾಣುವುದು ದುಡ್ಡು ಮಾತ್ರ. ಹೈಡ್ರಾಲಿಕ್ ಫಿಟ್ಟಿಂಗ್‌ನ ಓ-ರಿಂಗ್ ಅಲ್ಲಿ ಕಟ್ಟಕಡೆಯ 'ಸಿ'. ಅದು ಇಲ್ಲದಿದ್ದರೆ ಲೀಕ್ ನಿಲ್ಲುವುದಿಲ್ಲ, ವಿಮಾನ ಹೊರಡುವುದಿಲ್ಲ.

ಒಂದೊಂದು ಪಾರ್ಟ್ ನಂಬರ್‌ಗೂ ಮೊದಲು ಕೇಳಬೇಕಾದ್ದು: ಇದು ಕೆಟ್ಟರೆ ವಿಮಾನ ಹಾರಬಹುದೇ? ನೋ-ಗೋ (ಹಾರುವಂತಿಲ್ಲ), ಗೋ-ಇಫ್ (ಷರತ್ತಿನ ಮೇಲೆ ಹಾರಬಹುದು), ಗೋ (ಹಾರಬಹುದು), ಈ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಗೋ-ಇಫ್ ಅಂದರೆ ಎಂಇಎಲ್ (ಏನು ಕೆಟ್ಟಿದ್ದರೂ ಎಷ್ಟು ದಿನ ಹಾರಬಹುದು ಎಂಬ ಪಟ್ಟಿ) ತೆರೆಯಿರಿ. ಅದರಲ್ಲಿ ರಿಪೇರಿಯ ಗಡುವು ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ಎಲ್ಲವೂ ಕ್ಯಾಲೆಂಡರ್ ದಿನ, ದೋಷ ದಾಖಲಾದ ದಿನವನ್ನು ಬಿಟ್ಟು ಎಣಿಸಬೇಕು. ಎ ವರ್ಗದ ಗಡುವು ಆಯಾ ಐಟಂ ಎದುರಿಗೇ ಬರೆದಿರುತ್ತದೆ. ಈ ಗಡುವಿನ ಪಕ್ಕದಲ್ಲಿ ಪಾರ್ಟ್ ತರಿಸಲು ಹಿಡಿಯುವ ದಿನಗಳನ್ನು ಇಟ್ಟು ನೋಡಿ. ಸಿ ವರ್ಗದ ಐಟಂ ನಾಲ್ಕು ದಿನದಲ್ಲಿ ಲೋನ್ (ಬಾಡಿಗೆ) ಅಥವಾ ಎಕ್ಸ್‌ಚೇಂಜ್‌ನಲ್ಲಿ (ಕೆಟ್ಟದ್ದನ್ನು ಕೊಟ್ಟು ಒಳ್ಳೆಯದನ್ನು ಪಡೆಯುವುದು) ಖಚಿತವಾಗಿ ಸಿಗುವುದಾದರೆ ಸೊನ್ನೆ ಸ್ಟಾಕ್ ಇಟ್ಟರೂ ನಡೆಯುತ್ತದೆ. ದುಡ್ಡು ಉಳಿಯುವುದು ಇಲ್ಲೇ.

ಎರಡು ಕಡೆ ಎಡವುತ್ತಾರೆ. ಎಂಇಎಲ್‌ನಲ್ಲಿ "ಅಳವಡಿಸಿದ್ದು 2, ಬೇಕಾದ್ದು 1" ಅಂತಿದ್ದರೆ ಒಂದು ಕೆಟ್ಟಿರುವಷ್ಟು ಹೊತ್ತು ಅದು ಗೋ-ಇಫ್. ಎರಡನೆಯದೂ ಕೈಕೊಟ್ಟ ಕ್ಷಣವೇ ನೋ-ಗೋ. ಇನ್ನೊಂದು, ಎಂಇಎಲ್‌ನ 'ಎಂ' ಪ್ರೊಸೀಜರ್ (ಹಾರಲು ಬಿಡುವ ಮುಂಚೆ ಮೆಕ್ಯಾನಿಕ್ ಮಾಡಬೇಕಾದ ಕೆಲಸ) ಮಾಡುವುದಕ್ಕೇ ಕೆಲವೊಮ್ಮೆ ಬ್ಲ್ಯಾಂಕಿಂಗ್ ಪ್ಲೇಟ್, ಕ್ಯಾಪ್, ಪ್ಲಗ್ ಬೇಕಾಗುತ್ತದೆ. ಆ ಪುಟ್ಟ ಕ್ಯಾಪ್ ಇಲ್ಲದೆ ರಿಪೇರಿಯನ್ನು ಡಿಫರ್ ಮಾಡಲಾಗದು (ಮುಂದೂಡಲಾಗದು). ಅವುಗಳ ಪಟ್ಟಿಯನ್ನೇ ಬೇರೆ ತೆಗೆದು ಲೈನ್ ಸ್ಟೇಷನ್‌ಗಳಲ್ಲೂ ಇಡಿ.

ಅಗ್ಗದ ನೋ-ಗೋ ಕನ್ಸ್ಯೂಮಬಲ್‌ಗಳಲ್ಲಿ (ಒಮ್ಮೆ ಬಳಸಿ ಬಿಡುವ ಮಾಲು) ಜಿಪುಣತನ ಬೇಡವೇ ಬೇಡ. ರೀಆರ್ಡರ್ ಮಟ್ಟ ಅಂದರೆ ಮಾಲು ಬರುವಷ್ಟು ದಿನಗಳ ಬಳಕೆ, ಅದರ ಮೇಲೊಂದಿಷ್ಟು ಸೇಫ್ಟಿ ಸ್ಟಾಕ್. ವಾರಕ್ಕೆ 6 ಖರ್ಚು, ಬರಲು 8 ವಾರ ಅಂದರೆ 48. ಏರುಪೇರಿಗೆ ಇನ್ನೊಂದು 20. ಜೊತೆಗೆ, ಪಂಪ್ ಇಶ್ಯೂ ಮಾಡುವಾಗ ಅದರ ಸೀಲ್, ಗ್ಯಾಸ್ಕೆಟ್, ಕಾಟರ್ ಪಿನ್ ತಾನಾಗಿಯೇ ಪಿಕ್ ಲಿಸ್ಟ್‌ಗೆ ಬರುವಂತೆ ಕಿಟ್ ಕಟ್ಟಿ. ಪಂಪ್ ಇದ್ದೂ ಗ್ಯಾಸ್ಕೆಟ್ ಇಲ್ಲದೆ ವಿಮಾನ ನಿಲ್ಲುವುದು ಸ್ಟೋರ್‌ಗೆ ಅವಮಾನ.

ಪಾಯ್ಸಾನ್

ರೋಟಬಲ್ ಲೆಕ್ಕ ನಾನು ಹೇಳುತ್ತೇನೆ. 12 ತಿಂಗಳ ಬಳಕೆಯನ್ನು ಬದಿಗಿಡಿ. ಬೇಕಿರುವುದು ಒಂದು ವಿಮಾನದಲ್ಲಿ ಎಷ್ಟು ಯೂನಿಟ್, ಒಟ್ಟು ಹಾರಾಟದ ಗಂಟೆ, ಎಂಟಿಬಿಯುಆರ್ (ಯೋಜನೆ ಇಲ್ಲದೆ ಎರಡು ಸಲ ಕಳಚುವುದರ ನಡುವಿನ ಸರಾಸರಿ ಗಂಟೆ), ಕಳಚಿದ ಯೂನಿಟ್ ರಿಪೇರಿ ಆಗಿ ಶೆಲ್ಫ್‌ಗೆ ಮರಳುವ ದಿನ, ಅಂದರೆ ಟಿಎಟಿ.

ನಿಮ್ಮ ಫ್ಲೀಟ್‌ನಲ್ಲಿ ವಿಮಾನಕ್ಕೆ 2 ಇರುವ, ಎಂಟಿಬಿಯುಆರ್ 12,000 ಗಂಟೆ ಇರುವ ಯೂನಿಟ್ ಒಂದನ್ನು ತೆಗೆದುಕೊಳ್ಳಿ. 10 × 2 × 3,000 = 60,000 ಯೂನಿಟ್ ಗಂಟೆ. 12,000ದಿಂದ ಭಾಗಿಸಿದರೆ ವರ್ಷಕ್ಕೆ 5 ಸಲ ಕಳಚುತ್ತೀರಿ. ಟಿಎಟಿ 45 ದಿನವಾದರೆ, 5 × 45 ÷ 365 = 0.62. ಯಾವುದೇ ದಿನ ನೋಡಿದರೂ ಸರಾಸರಿ ಇಷ್ಟು ಯೂನಿಟ್ ರಿಪೇರಿಯ ದಾರಿಯಲ್ಲಿರುತ್ತದೆ. ಪಾಯ್ಸಾನ್ ಕೋಷ್ಟಕದಲ್ಲಿ (ಸರಾಸರಿ ಗೊತ್ತಿದ್ದರೆ ಒಮ್ಮೆಗೆ ಎಷ್ಟು ಬೇಕಾಗಬಹುದು ಎಂಬ ಸಾಧ್ಯತೆಯ ಪಟ್ಟಿ) ಇದಕ್ಕೆ 1 ಸ್ಪೇರ್ ಇಟ್ಟರೆ 87%, 2 ಇಟ್ಟರೆ 97% ರಕ್ಷಣೆ, ಅಂದರೆ ಸ್ಪೇರ್ ಕೊರತೆಯಾಗದಿರುವ ಸಾಧ್ಯತೆ. ನೋ-ಗೋ ಆದರೆ 95% ಗುರಿ ಇಟ್ಟು 2 ಕೊಳ್ಳಿ. ಗೋ-ಇಫ್ ಆದರೆ 1 ಸಾಕು.

ಈಗ ಟಿಎಟಿಯನ್ನು 90 ದಿನ ಮಾಡಿ ನೋಡಿ. ಸರಾಸರಿ 1.23 ಆಗುತ್ತದೆ, ಅದೇ 2 ಸ್ಪೇರ್‌ನ ರಕ್ಷಣೆ 87%ಕ್ಕೆ ಇಳಿಯುತ್ತದೆ, 95% ದಾಟಲು 3 ಬೇಕು. ಅಂದರೆ ಟಿಎಟಿ ಜಾರಿದರೆ ಒಂದು ಯೂನಿಟ್‌ನ ಬೆಲೆ ಕೈಯಿಂದ ಹೋಯಿತು. ಹಾಗಾಗಿ ಖರೀದಿಗೆ ಮುಂಚೆ ಟಿಎಟಿಯನ್ನು ಬಿಡಿಬಿಡಿಯಾಗಿ ನೋಡಿ: ಕಳಚಿದ್ದು ಶಿಪ್ಪಿಂಗ್‌ಗೆ ಹೋಗುವವರೆಗೆ, ಸಾಗಣೆ, ಕಸ್ಟಮ್ಸ್, ಶಾಪ್, ಕೋಟ್ ಒಪ್ಪಿಗೆಗೆ ಕಾಯುವುದು, ವಾಪಸು, ರಿಸೀವಿಂಗ್ ಇನ್‌ಸ್ಪೆಕ್ಷನ್. ಶಾಪ್ ಅನ್ನೇ ಬೈಯುವ ಅಭ್ಯಾಸ ಎಲ್ಲೆಡೆ ಇದೆ. ಕಳಚಿದ ಯೂನಿಟ್ ಟ್ಯಾಗ್ ಭರ್ತಿಯಾಗದೆ ಅನ್‌ಸರ್ವಿಸಬಲ್ ರ್‍ಯಾಕ್‌ನಲ್ಲಿ ಕೂತ ದಿನಗಳೂ, ಕೋಟ್‌ಗೆ ಸಹಿ ಬೀಳದ ದಿನಗಳೂ ಆ 90ರೊಳಗೇ ಇರುತ್ತವೆ. ಇವೆರಡೂ ನಮ್ಮ ಕೈಯಲ್ಲಿರುವಂಥವು.

ಬಿನ್‌ಕಾರ್ಡ್

ಎಂಟಿಬಿಯುಆರ್ ಬದಲು ತಯಾರಕರು ಕೊಡುವ ಎಂಟಿಬಿಎಫ್ (ಎರಡು ಸಲ ನಿಜಕ್ಕೂ ಕೆಡುವುದರ ನಡುವಿನ ಸರಾಸರಿ ಗಂಟೆ) ಹಾಕಬಹುದಾ? ಚಕ್ರಗಳಿಗೂ ಇದೇ ಲೆಕ್ಕವೇ? ಮತ್ತೆ ಆ 2 ಸ್ಪೇರ್‌ನಲ್ಲಿ ಒಂದನ್ನು ಲೈನ್ ಸ್ಟೇಷನ್‌ನಲ್ಲಿ ಇಡುವುದು ಸರಿಯಾ?

ಪಾಯ್ಸಾನ್

ಎಂಟಿಬಿಎಫ್ ಹಾಕಬೇಡಿ. ಶಾಪ್‌ನಲ್ಲಿ "ದೋಷ ಕಂಡುಬಂದಿಲ್ಲ" ಅಂತ ಬರೆಸಿಕೊಂಡು ವಾಪಸಾಗುವ ಯೂನಿಟ್ ಕೂಡ ಶೆಲ್ಫ್ ಖಾಲಿ ಮಾಡಿಯೇ ಹೋಗಿರುತ್ತದೆ. ಅದನ್ನು ಎಣಿಸುವುದು ಎಂಟಿಬಿಯುಆರ್ ಮಾತ್ರ. ಶುರುವಿಗೆ ತಯಾರಕರ ಅಂಕಿ ಇರಲಿ. ಆದರೆ 10 ವಿಮಾನದಲ್ಲಿ ವರ್ಷಕ್ಕೆ ಎರಡು ಮೂರು ಸಲ ಕಳಚುವ ಯೂನಿಟ್‌ಗೆ ನಿಮ್ಮ ಸ್ವಂತ ಅಂಕಿ ಕೈಹಿಡಿಯುವಷ್ಟು ಗಟ್ಟಿಯಾಗಲು ಕೆಲವು ವರ್ಷ ಬೇಕು.

ಚಕ್ರ, ಬ್ರೇಕ್ ಸವೆಯುವುದು ಲ್ಯಾಂಡಿಂಗ್‌ನಿಂದ, ಗಂಟೆಯಿಂದಲ್ಲ. ಸರಾಸರಿ ಹಾರಾಟ ಒಂದೂವರೆ ಗಂಟೆ ಅಂದರೆ ವಿಮಾನಕ್ಕೆ 2,000 ಲ್ಯಾಂಡಿಂಗ್. ಮುಖ್ಯ ಚಕ್ರ 4, ಟೈರ್ 250 ಲ್ಯಾಂಡಿಂಗ್ ಬಾಳುತ್ತದೆ ಅಂದುಕೊಳ್ಳಿ: 80,000 ÷ 250, ವರ್ಷಕ್ಕೆ 320 ಚಕ್ರ. ವೀಲ್ ಶಾಪ್ ಟಿಎಟಿ 7 ದಿನವಾದರೆ ಸರಾಸರಿ 6.1, 95%ಕ್ಕೆ 10 ಜೋಡಿಸಿದ ಚಕ್ರ. ಇದರ ಮೇಲೆ ಒಂದೆರಡು ಹೆಚ್ಚಿಗೆ ಇಡಿ. ಬ್ರೇಕ್ ಕಾದು ಫ್ಯೂಸ್ ಪ್ಲಗ್ (ಕಾವಿಗೆ ಕರಗಿ ಟೈರ್‌ನ ಗಾಳಿ ಬಿಡುವ ಪ್ಲಗ್) ಕರಗಿದರೆ ಒಂದೇ ಏಟಿಗೆ ಎರಡು ನಾಲ್ಕು ಚಕ್ರ ಹೋಗುತ್ತವೆ. ಬಿಡಿಬಿಡಿಯಾಗಿ ಕೆಡುವುದನ್ನು ಮಾತ್ರ ಬಲ್ಲ ಪಾಯ್ಸಾನ್‌ಗೆ ಅದು ಕಾಣದು.

ಸ್ಪೇರ್ ಎರಡೇ ಇದ್ದರೆ ಎರಡೂ ಬೇಸ್‌ನಲ್ಲಿರಲಿ. ಹಂಚಿದಷ್ಟೂ ತಪ್ಪಾದ ಊರಿನಲ್ಲಿರುವ ಸಾಧ್ಯತೆ ಜಾಸ್ತಿ. ಚಕ್ರದಂಥದ್ದು ಮಾತ್ರ ಪ್ರತಿ ಸ್ಟೇಷನ್‌ನಲ್ಲೂ ಒಂದಾದರೂ ಇರಬೇಕು.

ಕ್ವಾರಂಟೈನ್ ರ್‍ಯಾಕ್

ಮೂರನೇ ತೊಂದರೆಗೆ ಯಾರೂ ಕೈ ಹಾಕಿಲ್ಲ. "1 ಇದೆ" ಅಂತ ತೋರಿಸಿ ಹಾಕಲು ಬಾರದ್ದು ರಿಸೀವಿಂಗ್‌ನಲ್ಲಿ ಬಿಟ್ಟ ತಪ್ಪು.

ಮಾಲು ಬಂದಾಗ ಫಾರ್ಮ್ 1 ಅಥವಾ 8130-3 (ಪಾರ್ಟ್ ಬಳಕೆಗೆ ಯೋಗ್ಯ ಎಂಬ ಪ್ರಮಾಣಪತ್ರ) ಹಿಡಿದು ಡೇಟಾ ಪ್ಲೇಟ್ ಎದುರು ನಿಲ್ಲಬೇಕು. ಬ್ಲಾಕ್ 8 ಪಾರ್ಟ್ ನಂಬರ್, ಬ್ಲಾಕ್ 10 ಸೀರಿಯಲ್ ನಂಬರ್; ಕೊನೆಯ ಡ್ಯಾಶ್ ಅಂಕಿಯವರೆಗೂ ಓದಿ. ಬ್ಲಾಕ್ 11 ಹೊಸದೋ, ಓವರ್‌ಹಾಲೋ, ರಿಪೇರಿಯೋ, ಬರೀ ಪರೀಕ್ಷೆ ಮಾಡಿದ್ದೋ ಹೇಳುತ್ತದೆ. ಹೆಚ್ಚು ಹೊತ್ತು ಕೊಡಬೇಕಾದ್ದು ಬ್ಲಾಕ್ 12ಕ್ಕೆ: ಯಾವ ಸರ್ವಿಸ್ ಬುಲೆಟಿನ್ (ತಯಾರಕರ ಸೂಚನೆ) ಆಗಿದೆ, ಯಾವ ಎಡಿ (ನಿಯಂತ್ರಕರ ಕಡ್ಡಾಯ ಆದೇಶ) ಬಾಕಿ, ಸಿಎಂಎಂನ (ಯೂನಿಟ್ ರಿಪೇರಿ ಕೈಪಿಡಿ) ಯಾವ ರಿವಿಷನ್. ಫಾರ್ಮ್ ಇದೆ ಅಂದ ಮಾತ್ರಕ್ಕೆ ನಿಮ್ಮ ವಿಮಾನಕ್ಕೆ ಹಾಕಬಹುದು ಅಂತಲ್ಲ. ಅದನ್ನು ಐಪಿಸಿಯ (ಚಿತ್ರಸಹಿತ ಪಾರ್ಟ್ ಪಟ್ಟಿ) ಎಫೆಕ್ಟಿವಿಟಿ, ಅಂದರೆ ಯಾವ ವಿಮಾನಕ್ಕೆ ಅನ್ವಯ ಎಂಬುದನ್ನು ನೋಡಿ ನೀವೇ ತೀರ್ಮಾನಿಸಬೇಕು. ಬದಲಿಯಾಗುವುದು ಬಹಳ ಕಡೆ ಒಮ್ಮುಖ: -1 ಇದ್ದ ಕಡೆ -3 ಕೂರುತ್ತದೆ, -3 ಇದ್ದ ಕಡೆ -1 ಕೂರದು. ಸಿಸ್ಟಮ್‌ನಲ್ಲಿ ಎರಡನ್ನೂ 'ಆಲ್ಟರ್ನೇಟ್' ಅಂತ ಇಮ್ಮುಖ ಜೋಡಿಸಿಟ್ಟಿದ್ದರೆ ನಿಮ್ಮ ಆ ಸುಳ್ಳು "1" ಅಲ್ಲಿಂದಲೇ ಬಂದಿರುತ್ತದೆ.

ಬ್ರೋಕರ್ ಮೂಲಕ ಬಂದ ಮಾಲಿನ ಫಾರ್ಮ್ ಬಗ್ಗೆ ಸಣ್ಣ ಅನುಮಾನ ಬಂದರೂ ಸಹಿ ಇರುವ ಸಂಸ್ಥೆಗೇ ನೇರವಾಗಿ ಬರೆದು ಕೇಳಿ, ಮಾರಿದವರನ್ನಲ್ಲ. 2023ರಲ್ಲಿ ಸಿಎಫ್‌ಎಂ56 ಎಂಜಿನ್ ಪಾರ್ಟ್‌ಗಳ ನಕಲಿ ದಾಖಲೆ ಬಯಲಾದದ್ದು ಇಂಥ ಒಂದು ವಿಚಾರಣೆಯಿಂದ. ಉತ್ತರ ಬರುವವರೆಗೆ ಮಾಲು ಬೀಗ ಹಾಕಿದ ಕ್ವಾರಂಟೈನ್‌ನಲ್ಲಿರಲಿ, ಸಿಸ್ಟಮ್‌ನಲ್ಲಿ ಅದರ ಲಭ್ಯ ಸಂಖ್ಯೆ 0 ಇರಲಿ.

ಶೆಲ್ಫ್ ಲೈಫ್ ಐಟಂಗಳಲ್ಲಿ ಮೊದಲು ಬಂದದ್ದು ಮೊದಲು ಅನ್ನುವುದಕ್ಕಿಂತ ಮೊದಲು ಮುಗಿಯುವುದು ಮೊದಲು. ಓ-ರಿಂಗ್ ಪೊಟ್ಟಣದ ಮೇಲೆ 2ಕ್ಯೂ24 ಅಂತಿದ್ದರೆ ಅದು 2024ರ ಎರಡನೇ ತ್ರೈಮಾಸಿಕದ ಕ್ಯೂರ್ ಡೇಟ್ (ರಬ್ಬರ್ ತಯಾರಾದ ಕಾಲ). ಪೊಟ್ಟಣ ಒಡೆದು ಡಬ್ಬಿಗೆ ಸುರಿದರೆ ಆ ದಿನಾಂಕವೂ ಹೋಯಿತು, ಬ್ಯಾಚ್ ನಂಬರೂ ಹೋಯಿತು. ಒಳಗಿನ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಕಸ. ಸ್ಟೋರ್‌ನಲ್ಲಿ ಕೂತಲ್ಲೇ ವಯಸ್ಸಾಗುವುದು ರಬ್ಬರ್ ಮಾತ್ರವಲ್ಲ. 3ಎಚ್‌ಟಿ ಮಾದರಿಯ ಗ್ಯಾಸ್ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋಸ್ಟ್ಯಾಟಿಕ್ ಪರೀಕ್ಷೆ, 24 ವರ್ಷಕ್ಕೆ ಆಯಸ್ಸು ಮುಗಿಯುತ್ತದೆ. ಗಡುವಿಗೆ 90 ದಿನ ಇರುವಾಗಲೇ ಪಟ್ಟಿ ಹೊರಬರುವಂತೆ ಮಾಡಿ.

ಕಳಚಿದ ಮಾಲಿನ ಟ್ಯಾಗ್ ಬಗ್ಗೆ ಉದಾಸೀನ ಮಾಡುವವರಿಗೆ: 1996ರ ಮೇ 11ರಂದು ವ್ಯಾಲ್ಯೂಜೆಟ್ 592 ಬಿದ್ದು 110 ಜನ ಸತ್ತರು. ಕಾರ್ಗೋದಲ್ಲಿದ್ದ ಅವಧಿ ಮೀರಿದ ಆಕ್ಸಿಜನ್ ಜನರೇಟರ್‌ಗಳಿಗೆ ಸೇಫ್ಟಿ ಕ್ಯಾಪ್ ಹಾಕಿರಲಿಲ್ಲ, ಕಾಗದದಲ್ಲಿ "ಖಾಲಿ" ಅಂತಿತ್ತು.

ಬಿನ್‌ಕಾರ್ಡ್

ಆಲ್ಟರ್ನೇಟ್ ಜೋಡಣೆ ಇಮ್ಮುಖವಾಗಿಯೇ ಇದೆ, ನೋಡಿದೆ. ಕೊನೆಯದು: ಲೋನ್‌ಗಿಂತ ಎಕ್ಸ್‌ಚೇಂಜ್ ಅಗ್ಗವಾ?

ಟಾರ್ಕ್‌ರೆಂಚ್

ಕೋಟ್‌ನಲ್ಲಿ ಹಾಗೆ ಕಾಣುತ್ತದೆ. ಲೋನ್‌ಗೆ ದಿನದ ಬಾಡಿಗೆ ಏರುತ್ತಲೇ ಇರುತ್ತದೆ, ಸಾಲದ್ದಕ್ಕೆ ವಾಪಸು ಕೊಡಲು ಮತ್ತೊಮ್ಮೆ ಕಳಚಬೇಕು. ಎಕ್ಸ್‌ಚೇಂಜ್‌ನಲ್ಲಿ ಒಂದು ಸಲದ ಶುಲ್ಕ, ಜೊತೆಗೆ ನಿಮ್ಮ ಕೆಟ್ಟ ಕೋರ್‌ನ (ಬದಲಿಗೆ ಕೊಡುವ ಹಳೆ ಯೂನಿಟ್) ರಿಪೇರಿ ಬಿಲ್. ಕೋರ್ ಹೇಳಿದ ದಿನದೊಳಗೆ ತಲುಪದಿದ್ದರೆ ದಂಡ, ರಿಪೇರಿಗೆ ಮೀರಿದ್ದು ಅಂತ ಬಂದರೆ ಪೂರ್ತಿ ಯೂನಿಟ್ ಬೆಲೆ. ಪಿಒ (ಖರೀದಿ ಆದೇಶ) ಹಾಕುವಾಗಲೇ ಕೋರ್ ಸೀರಿಯಲ್ ನಂಬರ್, ವಾಪಸಿನ ಕೊನೆಯ ದಿನ, ಅದೇ ಪಾರ್ಟ್ ನಂಬರ್ ಮತ್ತು ಮಾಡ್ (ಮಾರ್ಪಾಡು) ಸ್ಥಿತಿ ಬೇಕೇ ಎಂಬ ಷರತ್ತು, ಮೂರನ್ನೂ ಸಿಸ್ಟಮ್‌ಗೆ ಹಾಕಿ. ಲೈನ್ ಸ್ಟೇಷನ್‌ನಲ್ಲಿ ಕಳಚಿದ ಕೋರ್ ಆದರೆ ಅಲ್ಲಿಂದ ಹೊರಡುವ ಮುಂದಿನ ವಿಮಾನಕ್ಕೇ ಹತ್ತಿಸಿ.