ಸಹಾಯ ಬೇಕು: ಶೆಡ್‌ನಲ್ಲೇ ಕೋಣೆ ಮಾಡಿ ಸಾಗಿಸುವ ಬಗ್ಗೆ

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಗುಡ್ಡದ ಮೇಲಿನ ತೋಟಕ್ಕೆ, ಕೆಲಸದವರು ಉಳಿಯಲು ಎರಡು ಕೋಣೆ ಬೇಕು ಅಂತ ಒಬ್ಬರು ಕೇಳಿದ್ದಾರೆ. ಅಲ್ಲಿಗೆ ಮುರಕಲ್ಲು (ಗೋಡೆ ಕಟ್ಟುವ ಕೆಂಪು ಕಲ್ಲು) ಹೊತ್ತು ಹಾಕುವುದು ಕಷ್ಟ, ಮಳೆಗಾಲಕ್ಕೆ ಮೊದಲು ಮುಗಿಯಲೂ ಬೇಕು. ಹಾಗಾಗಿ ಸ್ಟೀಲ್ ಫ್ರೇಮ್‌ನ ಕೋಣೆ ಶೆಡ್‌ನಲ್ಲೇ ಮಾಡಿ, ಅಲ್ಲಿ ಬೋಲ್ಟ್ ಹಾಕಿ ಜೋಡಿಸುವ ಯೋಚನೆ.

ಹೋದ ವರ್ಷ ಹೀಗೇ ಒಂದು ಕೋಣೆ ಮಾಡಿದ್ದೆ. ಶೆಡ್‌ನಲ್ಲಿ ಅಳತೆ ಸರಿ ಇತ್ತು. ವೆಲ್ಡಿಂಗ್ ಬಿಸಿಗೆ ಫ್ರೇಮ್ ಎಳೆದುಕೊಂಡು, ಮೇಲೆ ಹೋಗಿ ನೋಡಿದರೆ ಒಂದು ಕಂಬ 12 ಮಿ.ಮೀ. ಆಚೆ! ಬೋಲ್ಟ್ ತೂರಲೇ ಇಲ್ಲ. ಗ್ಯಾಸ್ ಕಟ್ಟರ್‌ನಿಂದ ತೂತು ದೊಡ್ಡ ಮಾಡಿದೆವು. ಜಿಂಕ್ ಲೇಪ ಸುಟ್ಟುಹೋಗಿ ಈಗ ಅದೇ ಜಾಗದಲ್ಲಿ ತುಕ್ಕು. ಅದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಈ ಸಲ ಮೊದಲು ಗಟ್ಟಿ ಜಿಗ್ (ಅಳತೆ ಕದಲದಂತೆ ಹಿಡಿದಿಡುವ ಚೌಕಟ್ಟು) ಮಾಡಿ, ಎಲ್ಲ ಫ್ರೇಮನ್ನೂ ಅದರಲ್ಲೇ ಬಿಗಿದು ವೆಲ್ಡ್ ಮಾಡಬೇಕು ಅಂದುಕೊಂಡಿದ್ದೇನೆ. ತೂತುಗಳನ್ನು ಉದ್ದುದ್ದ ಇಡಬಹುದು. ಆದರೆ ಎಷ್ಟು ಉದ್ದ? ಜಾಸ್ತಿಯಾದರೆ ಜೋಡಣೆ ಜಾರುತ್ತದೆ ಅಲ್ವಾ?

ಇನ್ನೊಂದು, ಇಡೀ ಕೋಣೆ ಸಾಗಿಸಲೋ, ಗೋಡೆ ಗೋಡೆಯಾಗಿಯೋ? ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ, ತೋಟದ ದಾರಿಯಲ್ಲಿ ತಿರುವೂ ಇದೆ, ಕ್ರೇನ್ ಹತ್ತುವುದಿಲ್ಲ. ನನಗೆ ಗೋಡೆಗಳೇ ವಾಸಿ ಅನಿಸುತ್ತದೆ. ಆದರೆ ಆಗ ಸಂದು ಜಾಸ್ತಿ. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಸಂದಿಗೆ ಬರೀ ಸಿಲಿಕೋನ್ ಅಂಟು ಹಚ್ಚಿದರೆ ಎರಡು ಮಳೆಗಾಲ ಬಾಳುತ್ತದಾ, ಅಥವಾ ರಬ್ಬರ್ ಪಟ್ಟಿ ಇಟ್ಟು ಅದರ ಮೇಲೆ ಸಂದು ಮುಚ್ಚುವ ತಗಡೂ ಬೇಕಾ?

ಪುತ್ತೂರು, ಮಂಗಳೂರು ಕಡೆ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಬಂದು ನೋಡಿ ಕಲಿಯುತ್ತೇನೆ.