ಸಹಾಯ ಬೇಕು: ತಮ್ಮನ ಪವರ್ ವೀಲ್‌ಚೇರ್‌ಗೆ ಬೇರೆ ಕಂಟ್ರೋಲರ್

ಎಲ್ಲರಿಗೂ ನಮಸ್ಕಾರ. ಸ್ನಾಯು ದೌರ್ಬಲ್ಯವಿರುವ ನನ್ನ ತಮ್ಮನಿಗೆ ಈಗ ಬೆರಳಿನ ಬಲವೂ ಕುಗ್ಗುತ್ತಿದೆ. ಜಾಯ್‌ಸ್ಟಿಕ್ ತಳ್ಳುವುದೇ ಕಷ್ಟ. ಕುರ್ಚಿಯ ಚೌಕಟ್ಟು, ಮೋಟಾರುಗಳು ಇನ್ನೂ ಗಟ್ಟಿಯಾಗಿವೆ. ಅವನ ಮೈಗೆ ಒಗ್ಗಿದ ಆಸನವನ್ನು ಬಿಡಲು ನನಗೆ ಮನಸ್ಸಿಲ್ಲ. ಆದರೆ ಈಗಿರುವ ಕಂಟ್ರೋಲರ್‌ಗೆ ಬೇರೆ ಜಾಯ್‌ಸ್ಟಿಕ್ ಜೋಡಿಸಲು ಅವಕಾಶವಿಲ್ಲ.

ಗದ್ದದಿಂದ ನಡೆಸುವ ಜಾಯ್‌ಸ್ಟಿಕ್ ಜೋಡಿಸಬಹುದಾದ ಆರ್-ನೆಟ್ ಎಂಬ ವೀಲ್‌ಚೇರ್ ಕಂಟ್ರೋಲರ್ ವ್ಯವಸ್ಥೆಗೆ ಬದಲಾಯಿಸಬೇಕೆಂದಿದ್ದೇನೆ. 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿವೆ, ಒಟ್ಟು 24 ವೋಲ್ಟ್. ತಂತಿ, ಪ್ಲಗ್ ಹೊಂದಿಸಿಕೊಳ್ಳಬಲ್ಲೆ. ನನಗೆ ಭಯವಿರುವುದು ಪ್ರೋಗ್ರಾಮಿಂಗ್ ಬಗ್ಗೆ. ಮೋಟಾರಿನ ವಿದ್ಯುತ್ ರೋಧಕ್ಕೆ ತಕ್ಕ ಕಾಂಪೆನ್ಸೇಶನ್ (ಭಾರ ಬಿದ್ದಾಗ ಕಂಟ್ರೋಲರ್ ಮೋಟಾರಿಗೆ ಕೊಡುವ ಹೆಚ್ಚುವರಿ ವೋಲ್ಟೇಜ್) ಕಡಿಮೆಯಾದರೆ ಕುರ್ಚಿ ಏರಿನಲ್ಲಿ, ಹೊಸ್ತಿಲಿನಲ್ಲಿ ತಡವರಿಸುತ್ತದೆ. ಹೆಚ್ಚಾದರೆ ಜರ್ಕ್ ಹೊಡೆಯುತ್ತದೆ. ಕತ್ತಿನ ಹಿಡಿತ ಕಡಿಮೆಯಿರುವ ಹುಡುಗನಿಗೆ ಆ ಒಂದು ಜರ್ಕ್ ಸಾಕು ಪೆಟ್ಟಾಗಲು.

ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಮೋಟಾರಿನ ರೋಧವನ್ನು ಹೇಗೆ ಅಳೆದಿರಿ? ಅಷ್ಟು ಸಣ್ಣ ಮೌಲ್ಯಕ್ಕೆ ಸಾಧಾರಣ ಮಲ್ಟಿಮೀಟರ್ ನಂಬುವಂತಿಲ್ಲ. ಹಳೆಯ ಮೋಟಾರಿನ ವಿದ್ಯುತ್‌ಕಾಂತೀಯ ಬ್ರೇಕ್‌ನ ವೋಲ್ಟೇಜ್ ಹೊಸ ಕಂಟ್ರೋಲರ್‌ಗೆ ಹೊಂದುತ್ತದೆಯೇ ಎಂದು ಮೊದಲೇ ಪರೀಕ್ಷಿಸುವುದು ಹೇಗೆ? ತಂತ್ರಜ್ಞರ ಮಟ್ಟದ ಪ್ರೋಗ್ರಾಮಿಂಗ್ ಮಾಡಿಕೊಡುವ ಅನುಭವಿಗಳು ಯಾರಾದರೂ ಇದ್ದೀರಾ?

ಮೊದಲ ಪರೀಕ್ಷೆಯನ್ನು ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ತಮ್ಮನನ್ನು ಕೂರಿಸದೆಯೇ ಮಾಡುತ್ತೇನೆ.