ಪೆನ್ಸಿಲ್ವೇನಿಯಾದ ಬಾಕ್ಸ್ ಹಕಲ್‌ಬೆರಿ: ಇಡೀ ಇಳಿಜಾರು ಒಂದೇ ಗಿಡವೇ?

ಪ್ರಶ್ನೆ (ಹಸಿರುಹಾದಿ)

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಸಮೀಪ ನೆಲೆಸಿರುವ ನಾನು ಈಚೆಗೆ ಪೆರ್ರಿ ಕೌಂಟಿಯ ನ್ಯೂ ಬ್ಲೂಮ್‌ಫೀಲ್ಡ್ ಬಳಿಯ ಸಂರಕ್ಷಿತ ಕಾಡಿಗೆ ಹೋಗಿ, ಎರಿಕೇಸಿ ಕುಟುಂಬಕ್ಕೆ ಸೇರಿದ ಬಾಕ್ಸ್ ಹಕಲ್‌ಬೆರಿ ಎಂಬ ನಿತ್ಯಹರಿದ್ವರ್ಣದ ಕಿರುಪೊದೆಯನ್ನು ನೋಡಿ ಬಂದೆ. ಮೊಣಕಾಲಿನ ಎತ್ತರವನ್ನೂ ಮುಟ್ಟದ ಈ ಪೊದೆ ಓಕ್ ಮರಗಳ ಕೆಳಗೆ ಸುಮಾರು 8 ಎಕರೆಯಷ್ಟು ಹಬ್ಬಿದೆ. ಕಣ್ಣಳತೆಯಷ್ಟು ದೂರವೂ ಅದೇ ಕಾಣುತ್ತಿರುವಾಗ ಇದನ್ನು ಅತ್ಯಂತ ಅಪರೂಪದ ಸಸ್ಯವೆಂದು ಏಕೆ ಹೇಳುತ್ತಾರೆ? ಅಷ್ಟೂ ಒಂದೇ ಗಿಡ, ಅದರ ವಯಸ್ಸು ಸುಮಾರು 1,300 ವರ್ಷ ಎಂಬ ಮಾತಿಗೆ ಆಧಾರವೇನು? ಅದೇ ಕಾಡಿನ ಇತರ ಕುಳ್ಳ ಪೊದೆಗಳಿಂದ ಇದನ್ನು ಬೇರ್ಪಡಿಸಿ ಗುರುತಿಸುವುದು ಹೇಗೆಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಎಲೆಗಾವಲು)

ಗುರುತಿಸುವಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಸಸ್ಯದ ಸ್ವಾರಸ್ಯವೆಲ್ಲ ಸಣ್ಣ ಸಣ್ಣ ಅಂಗಗಳಲ್ಲಿದೆ. ಗೇಲುಸ್ಸಾಸಿಯ ಬ್ರಾಕಿಸೆರಾ ಎಂಬುದು ಇದರ ಶಾಸ್ತ್ರೀಯ ಹೆಸರು. ಎತ್ತರ ಸಾಮಾನ್ಯವಾಗಿ 20ರಿಂದ 45 ಸೆಂಟಿಮೀಟರ್. ಎಳೆಯ ರೆಂಬೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದು ಗುಂಡಗಿಲ್ಲದೆ ಏಣುಏಣಾಗಿರುವುದು ತಿಳಿಯುತ್ತದೆ. ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಮೂಡುತ್ತವೆ; ಒಂದರಿಂದ ಎರಡೂವರೆ ಸೆಂಟಿಮೀಟರ್ ಉದ್ದ, ಅಂಡಾಕಾರ, ತೊಗಲಿನಂಥ ದಪ್ಪ, ಮೇಲ್ಮೈಯಲ್ಲಿ ಹೊಳಪು, ಅಂಚಿನಲ್ಲಿ ಸೂಕ್ಷ್ಮವಾದ ಹಲ್ಲುಗಳು. ಬಿಸಿಲು ಬೀಳುವ ಕಡೆ ಚಳಿಗಾಲದಲ್ಲಿ ಅವು ಕಂಚಿನ ಅಥವಾ ಕೆಂಪು ಛಾಯೆ ಪಡೆಯುತ್ತವೆ.

ಉತ್ತರ ಅಮೆರಿಕದ ಇತರ ಹಕಲ್‌ಬೆರಿಗಳು ಎಲೆಯುದುರಿಸುವಂಥವು. ಅವುಗಳ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ರಾಳದ ಚುಕ್ಕೆಗಳು ಮಿನುಗುತ್ತವೆ. ಬಾಕ್ಸ್ ಹಕಲ್‌ಬೆರಿಯ ಎಲೆಯಲ್ಲಿ ಆ ಚುಕ್ಕೆಗಳಿಲ್ಲ. ಎಲೆ ಮಾತ್ರ ಕೈಯಲ್ಲಿದ್ದವರು ಇದನ್ನು ಬ್ಲೂಬೆರಿಯ ಕುಲಕ್ಕೆ, ಅಂದರೆ ವ್ಯಾಕ್ಸಿನಿಯಮ್‌ಗೆ, ಸೇರಿಸಿಬಿಡುವುದು ಸಹಜ. 1803ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಆಂದ್ರೆ ಮಿಶೋ ಅವರ ಹೆಸರಿನಲ್ಲಿ ಪ್ರಕಟವಾದ ಮೊದಲ ವರ್ಣನೆಯಲ್ಲಿಯೂ ಇದು ವ್ಯಾಕ್ಸಿನಿಯಮ್ ಆಗಿಯೇ ಇತ್ತು. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಮುಂದೆ ಇದನ್ನು ಈಗಿನ ಕುಲಕ್ಕೆ ತಂದರು. ಹಣ್ಣನ್ನು ಸೀಳಿ ನೋಡಿದರೆ ಸಂದೇಹ ಪರಿಹಾರವಾಗುತ್ತದೆ: ಬ್ಲೂಬೆರಿಯಲ್ಲಿ ಅನೇಕ ಪುಟ್ಟ ಬೀಜಗಳಿದ್ದರೆ, ಇದರ ನೀಲಿ ಹಣ್ಣಿನೊಳಗೆ ಗಟ್ಟಿ ಸಿಪ್ಪೆಯ ಹತ್ತು ಕಿರುಗೊರಟೆಗಳಿರುತ್ತವೆ.

ಅದೇ ಕಾಡಿನಲ್ಲಿ ಬೆಳೆಯುವ ಟೀಬೆರಿಯೊಂದಿಗೆ ಗೊಂದಲವಾದರೆ ಉದುರಿದ ಎಲೆಯೊಂದನ್ನು ಹೊಸಕಿ ಮೂಸಿರಿ. ಟೀಬೆರಿ ನೀಲಗಿರಿಯ ವಿಂಟರ್‌ಗ್ರೀನ್ ಪೊದೆಯ ಕುಲದ್ದೇ ಆಗಿರುವುದರಿಂದ ನೋವಿನ ಮುಲಾಮಿನ ಪರಿಚಿತ ವಾಸನೆ ಹೊಮ್ಮುತ್ತದೆ, ಅದರ ಹಣ್ಣೂ ಕೆಂಪು. ಬಾಕ್ಸ್ ಹಕಲ್‌ಬೆರಿಗೆ ಆ ವಾಸನೆಯಿಲ್ಲ.

ಉತ್ತರ 2 (ಬೇರುಬಿಳಲು)

ಮೇಲಿನ ವರ್ಣನೆ ಸೊಗಸಾಗಿದೆ. ಉಳಿದ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರವಿದೆಯೆಂದು ನನ್ನ ಅಭಿಪ್ರಾಯ. ನಿಮಗೆ ಕಂಡ ಸಾವಿರಾರು ರೆಂಬೆಗಳು ನೆಲದೊಳಗೆ ಅಡ್ಡಲಾಗಿ ಹರಿಯುವ ಗುಪ್ತಕಾಂಡದಿಂದ ಮೇಲೆದ್ದವು. ನಮ್ಮ ಗರಿಕೆ ಹಬ್ಬುವ ರೀತಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೀಗಾಗಿ ಆ ಇಳಿಜಾರಿನಲ್ಲಿ ರೆಂಬೆಗಳು ಅಸಂಖ್ಯವಾಗಿದ್ದರೂ ವಂಶದ ಲೆಕ್ಕದಲ್ಲಿ ಇರುವುದು ಒಂದೇ ಜೀವಿ. ಅಪರೂಪವೆನ್ನುವುದು ಈ ಅರ್ಥದಲ್ಲಿ.

1845ರಲ್ಲಿ ಈ ನೆಲೆಯನ್ನು ಕಂಡುಹಿಡಿದವರು, ಮುಂದೆ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾದ ಸ್ಪೆನ್ಸರ್ ಬೇರ್ಡ್. ಇದು ಒಂದೇ ಗಿಡವೆಂಬ ವಾದವನ್ನು ಬಲವಾಗಿ ಮಂಡಿಸಿದವರು, ಬ್ಲೂಬೆರಿಯನ್ನು ತೋಟದ ಬೆಳೆಯಾಗಿಸಲು ಶ್ರಮಿಸಿದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್. ಈ ಸಸ್ಯ ತನ್ನದೇ ಪರಾಗದಿಂದ ಫಲ ಕಟ್ಟದು. ಇಡೀ ಇಳಿಜಾರು ಒಂದೇ ಗಿಡವಾದಾಗ ಜೇನ್ನೊಣ ಎಷ್ಟು ಹೂ ಸುತ್ತಿದರೂ ತಂದುಕೊಡುವುದು ಅದೇ ಗಿಡದ ಪರಾಗವನ್ನು. ಇದು ಅಳಿದೀತೆಂದು ಕೋವಿಲ್ 1919ರಲ್ಲಿಯೇ ಎಚ್ಚರಿಸಿದ್ದರು. ಆ ಬಳಿಕ ಅಪಲಾಚಿಯನ್ ಬೆಟ್ಟಗಳಲ್ಲಿ ಮತ್ತಷ್ಟು ನೆಲೆಗಳು ವಿಜ್ಞಾನಿಗಳ ಗಮನಕ್ಕೆ ಬಂದವು. ವೆಸ್ಟ್ ವರ್ಜೀನಿಯಾ ರಾಜ್ಯದ ಹಳ್ಳಿಗರು ಇದನ್ನು ಜೂನಿಪರ್ ಬೆರಿಯೆಂದು ಕರೆಯುತ್ತ ಮೊದಲಿನಿಂದಲೂ ಬಲ್ಲವರಾಗಿದ್ದರು.

ವಯಸ್ಸಿನ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರಿಕೆ ಬೇಕು. ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಹಬ್ಬುತ್ತದೆಂದು ಹಿಡಿದು, ನೆಲೆಯ ಅಗಲದಿಂದ ಹಿಂದಕ್ಕೆ ಲೆಕ್ಕ ಹಾಕಿ 1,300 ವರ್ಷವೆನ್ನುತ್ತಾರೆ. ಜೂನಿಯಾಟಾ ನದಿಯ ಬಳಿಯ ಲಾಶ್ ರನ್ ನೆಲೆ ಒಂದು ಮೈಲಿಗೂ ಹೆಚ್ಚು ಉದ್ದವಿದ್ದುದರಿಂದ ಅದಕ್ಕೆ ಇದೇ ಲೆಕ್ಕದಲ್ಲಿ ಸುಮಾರು 13,000 ವರ್ಷ ಕಟ್ಟಿದರು. ಕಾಡ್ಗಿಚ್ಚು, ಬರ, ಕಲ್ಲುನೆಲಗಳ ನಡುವೆ ಬೆಳವಣಿಗೆಯ ವೇಗ ಸಾವಿರಾರು ವರ್ಷ ಒಂದೇ ತೆರನಾಗಿತ್ತೆಂದು ನಂಬುವುದು ಕಷ್ಟವಾದ್ದರಿಂದ ಈ ಸಂಖ್ಯೆಗಳನ್ನು ಅಂದಾಜೆಂದೇ ಓದಬೇಕು. ಲಾಶ್ ರನ್ ನೆಲೆಯ ದೊಡ್ಡ ಭಾಗ ಬೆಂಕಿಗೂ ಹೆದ್ದಾರಿ ನಿರ್ಮಾಣಕ್ಕೂ ಬಲಿಯಾದದ್ದು ನನಗೆ ಅತ್ಯಂತ ನೋವಿನ ಸಂಗತಿ.

ಹಸಿರುಹಾದಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೂ ನೋಡಲು ಯಾವಾಗ ಹೋಗಬೇಕು? ಮನೆಯಂಗಳದಲ್ಲಿ ಇದನ್ನು ಬೆಳೆಸಬಹುದೇ?

ಎಲೆಗಾವಲು

ಮೇ ತಿಂಗಳಲ್ಲಿ ಹೋಗಿರಿ. ಎಲೆಗಳ ಬುಡದಲ್ಲಿ ಬಿಳಿ ಅಥವಾ ನಸುಗೆಂಪು ಬಣ್ಣದ, ಪುಟ್ಟ ಹೂಜಿಯಾಕಾರದ ಹೂಗಳು ಗೊಂಚಲಾಗಿ ತೂಗುತ್ತಿರುತ್ತವೆ. ಕಾಡಿನಿಂದ ಒಂದು ರೆಂಬೆಯನ್ನೂ ಕೀಳದಿರಿ. ನರ್ಸರಿಯಲ್ಲಿ ಕಡ್ಡಿಯಿಂದ ಬೆಳೆಸಿದ ಸಸಿಗಳು ಸಿಗುತ್ತವೆ. ಆಮ್ಲೀಯ ಮಣ್ಣು, ನೀರು ನಿಲ್ಲದ ಜಾಗ, ಅರೆನೆರಳು ಇದ್ದರೆ ಅವು ನಿಧಾನವಾಗಿ ಹಬ್ಬುತ್ತವೆ. ಹಣ್ಣೂ ಬೇಕಿದ್ದರೆ ಎರಡು ಬೇರೆ ಬೇರೆ ನೆಲೆಗಳ ಮೂಲದಿಂದ ಬಂದ ಸಸಿಗಳನ್ನೇ ಕೇಳಿ ಪಡೆದು ಅಕ್ಕಪಕ್ಕದಲ್ಲಿ ನೆಡಿರಿ.